ಬ್ಯಾಕಪ್ ಹತ್ತೇ ನಿಮಿಷ, ರಿಸ್ಟೋರ್‌ಗೆ ಯಾಕೆ ಇಡೀ ದಿನ? ಕ್ಲೈಂಟು ಸರ್ವರ್ರು ಒಳಗೊಳಗೆ ಏನು ಮಾತಾಡ್ಕೊಳ್ತವೆ

ನರಸಾಪುರ, ವೇಮಗಲ್, ಮಾಲೂರು ಕಡೆ ಚಿಕ್ಕ ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸೋರಿಗೆ, ಕೋಲಾರ ಟೌನಲ್ಲಿ ಕೂತು ಅವರ ಲೆಕ್ಕ ಬರೆಯೋ ಅಕೌಂಟೆಂಟ್‌ಗಳಿಗೆ ಈಗ ಆಡಿಟರ್ ಕಡೆಯಿಂದ ಒಂದು ಪ್ರಶ್ನೆ ತಪ್ಪದೇ ಬರುತ್ತೆ: "ದಿನಾ ಬ್ಯಾಕಪ್ ಆಗ್ತಿದ್ಯಾ? ಆ ಸರ್ವರ್ ಎಲ್ಲಿದೆ?" ಆಡಿಟರ್ ಸುಮ್‌ಸುಮ್ನೆ ಕಿರಿಕಿರಿ ಮಾಡ್ತಿಲ್ಲ. 2014ರ ಕಂಪನೀಸ್ ಅಕೌಂಟ್ಸ್ ರೂಲ್ಸ್‌ನ 3ನೇ ನಿಯಮದಲ್ಲಿ ಮೊದಲು ಲೆಕ್ಕದ ಬ್ಯಾಕಪ್ಪನ್ನ "ಆಗಾಗ" ತಗೋಬೇಕು ಅನ್ನೋ ಅರ್ಥದಲ್ಲಿ ಇತ್ತು, 2022ರ ಆಗಸ್ಟ್‌ನಲ್ಲಿ ತಿದ್ದುಪಡಿ ಮಾಡಿ "ದಿನಾ" ಅಂತ ಮಾಡಿದ್ರು, ಜೊತೆಗೆ ಆ ಸರ್ವರ್ ಭಾರತದೊಳಗೇ ಇರಬೇಕು ಅಂತಾನೂ ಇದೆ. ಹಂಗಾಗಿ ಎಲ್ಲರೂ ಯಾವುದೋ ಒಂದು ಬ್ಯಾಕಪ್ ಸಾಫ್ಟ್‌ವೇರ್ ಹಾಕಿಸ್ಕೊಂಡಿದಾರೆ, ಮೂಲೆಲಿ ಹಸಿರು ಟಿಕ್ ಕಾಣ್ಸುತ್ತೆ, ಎಲ್ಲರೂ ಆರಾಮಾಗಿದಾರೆ.

ಒಂದಿನ ಹಾರ್ಡ್ ಡಿಸ್ಕ್ ಕೈ ಕೊಟ್ಟಾಗ ಪ್ರಶ್ನೆಗಳು ಶುರು. ದಿನಾ ಹತ್ತು ನಿಮಿಷದಲ್ಲಿ ಮುಗೀತಿದ್ದ ಬ್ಯಾಕಪ್ಪು ವಾಪಸ್ ತರೋಕೆ ಬೆಳಗ್ಗೆಯಿಂದ ಸಂಜೆವರೆಗೂ ಯಾಕೆ? ಬ್ಯಾಕಪ್ ಚೆನ್ನಾಗೇ ಆಗ್ತಿತ್ತಲ್ಲ, ಈಗ ಯಾಕೆ "ಕನೆಕ್ಷನ್ ಫೇಲ್ಡ್" ಅಂತಿದೆ? ಉತ್ತರ ಸಿಗಬೇಕು ಅಂದ್ರೆ ಆ ಹಸಿರು ಟಿಕ್ ಹಿಂದೆ ಎರಡು ಮಷಿನ್ ಮಧ್ಯೆ ಏನು ನಡೆಯುತ್ತೆ ಅಂತ ಒಂದು ಸಲ ನೋಡ್ಬೇಕು.

ಯಾರ್ಯಾರು ಇದಾರೆ ಇಲ್ಲಿ

ನಿಮ್ಮ ಕಂಪ್ಯೂಟರಲ್ಲಿ ಒಂದು ಪುಟ್ಟ ಪ್ರೋಗ್ರಾಂ ಕೂತಿರುತ್ತೆ, ಅದೇ ಕ್ಲೈಂಟ್, ಕೆಲವರು ಏಜೆಂಟ್ ಅಂತಾರೆ. ಫೈಲ್ ಓದೋದು, ಕಳಿಸೋದು, ರಿಸ್ಟೋರ್ ಮಾಡುವಾಗ ಬಂದಿದ್ದನ್ನ ಡಿಸ್ಕ್‌ಗೆ ಬರೆಯೋದು, ಇಷ್ಟೇ ಅದರ ಕೆಲಸ. ಇನ್ನೊಂದು ಕಡೆ ಸರ್ವರ್. ಆದ್ರೆ ಈ "ಸರ್ವರ್" ಅನ್ನೋದು ಸಾಮಾನ್ಯವಾಗಿ ಒಂದೇ ಅಲ್ಲ, ಒಳಗೆ ಎರಡು ಮೂರು ಕೆಲಸಗಾರರು ಇರ್ತಾರೆ.

ಬಾಕ್ಯುಲಾ ಅನ್ನೋ ಸಾಫ್ಟ್‌ವೇರನ್ನ ಉದಾಹರಣೆಗೆ ತಗೊಳ್ತೀನಿ, ಯಾಕಂದ್ರೆ ಅದು ಓಪನ್ ಸೋರ್ಸ್, ಒಳಗಿನದ್ದೆಲ್ಲಾ ಬಿಚ್ಚಿ ನೋಡ್ಬಹುದು, ಮತ್ತೆ ಅದರಲ್ಲಿ ಕೆಲಸಗಳನ್ನ ಬೇರೆ ಬೇರೆ ಪ್ರೋಗ್ರಾಂ ಮಾಡಿ ಹಂಚಿರೋದ್ರಿಂದ ಅರ್ಥ ಮಾಡ್ಕೊಳ್ಳೋದು ಸುಲಭ. 2000ದಲ್ಲಿ ಕರ್ನ್ ಸಿಬಾಲ್ಡ್ ಅನ್ನೋರು ಶುರು ಮಾಡಿದ್ದು. ಅದರಲ್ಲಿ ಡೈರೆಕ್ಟರ್ ಅಂತ ಒಂದು, ಯಾವಾಗ ಯಾವ ಕಂಪ್ಯೂಟರಿಂದ ಏನು ತಗೋಬೇಕು ಅಂತ ಹೇಳೋದು ಇದು. ಸ್ಟೋರೇಜ್ ಡೀಮನ್ ಅಂತ ಇನ್ನೊಂದು (ಡೀಮನ್ ಅಂದ್ರೆ ಕಣ್ಣಿಗೆ ಕಾಣದೆ ಹಿಂದೆ ಸದಾ ಓಡ್ತಿರೋ ಪ್ರೋಗ್ರಾಂ), ಡೇಟಾನ ಡಿಸ್ಕಿಗೋ ಟೇಪಿಗೋ ಬರೆಯೋದು. ಕ್ಲೈಂಟಲ್ಲಿ ಇರೋದು ಫೈಲ್ ಡೀಮನ್. ಇವುಗಳ ಜೊತೆ ಕ್ಯಾಟಲಾಗ್ ಅನ್ನೋ ಡೇಟಾಬೇಸು, ಯಾವ ತಾರೀಖಿನ ಯಾವ ಫೈಲು ಎಲ್ಲಿ ಬಿದ್ದಿದೆ ಅನ್ನೋ ಲೆಕ್ಕ ಅದರಲ್ಲಿರುತ್ತೆ. ಬೇರೆ ಕಂಪನಿ ಸಾಫ್ಟ್‌ವೇರ್‌ಗಳಲ್ಲಿ ಹೆಸರು ಬೇರೆ ಇರುತ್ತೆ, ಕೆಲವದರಲ್ಲಿ ಎಲ್ಲಾ ಒಂದೇ ಡಬ್ಬಿಯಲ್ಲಿರುತ್ತೆ, ಕೆಲಸ ಮಾತ್ರ ಹೆಚ್ಚೂಕಮ್ಮಿ ಇದೇ.

ಮಾತು ಒಂದು ದಾರಿ, ಮಾಲು ಇನ್ನೊಂದು ದಾರಿ

ಕೋಲಾರ ಎಪಿಎಂಸಿ ಯಾರ್ಡಲ್ಲಿ ಟೊಮೇಟೊ ಸೀಸನ್ನಲ್ಲಿ ಯಾವುದಾದ್ರೂ ಮಂಡಿ ಮುಂದೆ ನಿಂತು ನೋಡಿ. ಟೆಂಪೋ ಬರುತ್ತೆ, 15 ಕೆಜಿ ಬಾಕ್ಸುಗಳು ಇಳೀತವೆ, ಹಮಾಲಿಗಳು ಸೀದಾ ಎತ್ಕೊಂಡು ಹೋಗಿ ಸಾಲಾಗಿ ಜೋಡಿಸ್ತಾರೆ. ಗುಮಾಸ್ತ ಪಕ್ಕದಲ್ಲಿ ಕೂತಿರ್ತಾನೆ, ಯಾರ ಮಾಲು, ಎಷ್ಟು ಬಾಕ್ಸು, ಯಾವ ಸಾಲಲ್ಲಿದೆ ಅಂತ ಬರ್ಕೋತಾನೆ. ಒಂದು ಬಾಕ್ಸೂ ಅವನ ಟೇಬಲ್ ಮೇಲೆ ಹತ್ತಲ್ಲ. ಅವನ ಟೇಬಲ್ ದಾಟ್ಕೊಂಡೇ ಎಲ್ಲಾ ಬಾಕ್ಸ್ ಹೋಗ್ಬೇಕು ಅಂದ್ರೆ ಯಾರ್ಡು ಮಧ್ಯಾಹ್ನಕ್ಕೂ ಖಾಲಿ ಆಗಲ್ಲ.

ಬಾಕ್ಯುಲಾದಲ್ಲಿ ಡೈರೆಕ್ಟರ್ ಆ ಗುಮಾಸ್ತ, ಕ್ಯಾಟಲಾಗ್ ಅವನ ಪುಸ್ತಕ. ನಿಮ್ಮ ಫೈಲುಗಳು ಡೈರೆಕ್ಟರ್ ಮೂಲಕ ಹೋಗಲ್ಲ, ಕ್ಲೈಂಟಿಂದ ಸ್ಟೋರೇಜ್ ಡೀಮನ್‌ಗೆ ನೇರವಾಗಿ ಹೋಗ್ತವೆ. ಡೈರೆಕ್ಟರ್‌ಗೆ ಸೇರೋದು ಫೈಲ್ ಹೆಸರು, ಸೈಜು, ತಾರೀಖು, ಪರ್ಮಿಷನ್ನು ಇಂಥ ವಿವರ ಮಾತ್ರ. ಹಂಗಾಗಿ ಒಂದು ಬ್ಯಾಕಪ್ ಅಂದ್ರೆ ಕನಿಷ್ಠ ಮೂರು ಬೇರೆ ಬೇರೆ ನೆಟ್‌ವರ್ಕ್ ಕನೆಕ್ಷನ್. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಒಂದು ವಿಚಿತ್ರ ಫೇಲ್ಯೂರ್ ಬರುತ್ತೆ, ಅದಕ್ಕೆ ಕಾರಣ ಇದೇ.

ರಾತ್ರಿ ಹನ್ನೊಂದಕ್ಕೆ ಏನಾಗುತ್ತೆ

ಟೈಮ್ ಆಯ್ತು ಅಂತ ಡೈರೆಕ್ಟರ್ ಎದ್ದು ಮೊದಲು ಸ್ಟೋರೇಜ್ ಡೀಮನ್‌ಗೆ ಕನೆಕ್ಟ್ ಆಗುತ್ತೆ, ಪೋರ್ಟ್ 9103ರಲ್ಲಿ. ಪೋರ್ಟ್ ಅಂದ್ರೆ ಒಂದೇ ಕಂಪ್ಯೂಟರಲ್ಲಿ ಹತ್ತಾರು ಪ್ರೋಗ್ರಾಂ ಇರೋದ್ರಿಂದ ಯಾವ ಪ್ರೋಗ್ರಾಂ ಜೊತೆ ಮಾತಾಡ್ಬೇಕು ಅಂತ ಗುರುತಿಸೋ ನಂಬರ್ ಅಷ್ಟೇ. "ಇಂಥಾ ಜಾಬ್ ಬರ್ತಿದೆ, ಜಾಗ ರೆಡಿ ಮಾಡ್ಕೋ" ಅಂತ ಹೇಳುತ್ತೆ, ಸ್ಟೋರೇಜ್ ಡೀಮನ್ "ಆಯ್ತು" ಅಂದು ಆ ಜಾಬ್‌ಗೆ ಅಂತಾನೇ ಒಂದು ಆಥರೈಸೇಷನ್ ಕೀ ಕೊಡುತ್ತೆ.

ಆಮೇಲೆ ಡೈರೆಕ್ಟರ್ ನಿಮ್ಮ ಕಂಪ್ಯೂಟರಿನ ಫೈಲ್ ಡೀಮನ್‌ಗೆ ಕನೆಕ್ಟ್ ಆಗುತ್ತೆ, ಪೋರ್ಟ್ 9102. ಎರಡೂ ಕಡೆಯವರು ಪಾಸ್‌ವರ್ಡ್ ಗೊತ್ತಿದೆ ಅಂತ ಸಾಬೀತು ಮಾಡ್ಬೇಕು, ಆದ್ರೆ ಪಾಸ್‌ವರ್ಡನ್ನೇ ವೈರ್ ಮೇಲೆ ಕಳಿಸಲ್ಲ, ಒಬ್ಬರು ಒಂದು ಯಾದೃಚ್ಛಿಕ ಸಾಲು ಕಳಿಸ್ತಾರೆ, ಇನ್ನೊಬ್ಬರು ಅದನ್ನ ಪಾಸ್‌ವರ್ಡ್ ಜೊತೆ ಸೇರಿಸಿ ಲೆಕ್ಕ ಮಾಡಿ ಉತ್ತರ ಕಳಿಸ್ತಾರೆ, ಉತ್ತರ ತಾಳೆ ಆದ್ರೆ ಸರಿ. ಮಧ್ಯೆ ಯಾರಾದ್ರೂ ಕದ್ದು ಕೇಳಿದ್ರೂ ಪಾಸ್‌ವರ್ಡ್ ಸಿಗಲ್ಲ. ಇಷ್ಟಾದ್ಮೇಲೆ ಯಾವ ಫೋಲ್ಡರ್ ತಗೋಬೇಕು ಯಾವುದು ಬಿಡ್ಬೇಕು ಅನ್ನೋ ಪಟ್ಟಿ, ಪೂರ್ತಿ ಬ್ಯಾಕಪ್ಪಾ ಬದಲಾಗಿದ್ದು ಮಾತ್ರಾನಾ ಅನ್ನೋದು, ಸ್ಟೋರೇಜ್ ಡೀಮನ್ ಅಡ್ರೆಸ್ಸು, ಆ ಆಥರೈಸೇಷನ್ ಕೀ, ಎಲ್ಲಾ ಕ್ಲೈಂಟ್‌ಗೆ ಸಿಗುತ್ತೆ. ಎರಡೂ ಕಡೆ ಗಡಿಯಾರ ಹೊಂದದಿದ್ರೆ ಅದಕ್ಕೂ ಒಂದು ಲೈನ್ ಲಾಗಲ್ಲಿ ಬರುತ್ತೆ, ಇಷ್ಟು ಸೆಕೆಂಡ್ ವ್ಯತ್ಯಾಸ ಇದೆ, ಸರಿಪಡಿಸ್ಕೊಳ್ತಿದೀನಿ ಅಂತ. ತುಂಬಾ ಜನ ಇದನ್ನ ಎರರ್ ಅಂದ್ಕೊಂಡು ಗಾಬರಿ ಆಗ್ತಾರೆ, ಗಾಬರಿ ಬೇಡ.

ಈಗ ಕ್ಲೈಂಟೇ ಸ್ಟೋರೇಜ್ ಡೀಮನ್‌ಗೆ ಕನೆಕ್ಟ್ ಆಗಿ ಕೀ ತೋರ್ಸುತ್ತೆ, ಫೈಲ್ ಒಂದೊಂದಾಗಿ ಓದಿ ಕಳಿಸೋಕೆ ಶುರು ಮಾಡುತ್ತೆ: ಮೊದಲು ಫೈಲಿನ ವಿವರ, ಆಮೇಲೆ ಡೇಟಾ, ಕೊನೆಗೆ ಸೆಟ್ಟಿಂಗ್‌ನಲ್ಲಿ ಹೇಳಿದ್ರೆ ಚೆಕ್‌ಸಮ್. ಚೆಕ್‌ಸಮ್ ಅಂದ್ರೆ ಫೈಲಿನ ಒಳಗಿರೋದನ್ನೆಲ್ಲಾ ಲೆಕ್ಕ ಹಾಕಿ ತೆಗೆದ ಒಂದು ಪುಟ್ಟ ನಂಬರ್, ಒಳಗೆ ಒಂದೇ ಒಂದು ಅಕ್ಷರ ಬದಲಾದ್ರೂ ಅದು ಪೂರ್ತಿ ಬೇರೆ ಬರುತ್ತೆ.

ಆ ಹೊತ್ತಲ್ಲಿ ಯಾರಾದ್ರೂ ಟ್ಯಾಲಿ ಓಪನ್ ಮಾಡ್ಕೊಂಡು ಕೂತಿದ್ರೆ? ವಿಂಡೋಸಲ್ಲಿ ವಾಲ್ಯೂಮ್ ಶ್ಯಾಡೋ ಕಾಪಿ ಅಂತ ಒಂದು ಸೌಲಭ್ಯ ಎಕ್ಸ್‌ಪಿ ಕಾಲದಿಂದ ಇದೆ, ಕ್ಲೈಂಟ್ ಅದನ್ನ ಕೇಳ್ಕೊಂಡು ಡಿಸ್ಕ್ ಆ ಕ್ಷಣದಲ್ಲಿ ಹೆಂಗಿದೆಯೋ ಹಂಗೇ ಹಿಡಿದಿಟ್ಟು ಅದರಿಂದ ಓದುತ್ತೆ. ಆದ್ರೂ ಬ್ಯಾಕಪ್ ಟೈಮಲ್ಲಿ ಕಂಪನಿ ಡೇಟಾ ಕ್ಲೋಸ್ ಮಾಡಿರೋದು ವಾಸಿ, ಅರ್ಧ ಬರೆದ ಎಂಟ್ರಿ ಇದ್ರೆ ಆ ಅರ್ಧಾನೇ ಹೋಗುತ್ತೆ.

ಬದಲಾಗಿದ್ದು ಯಾವುದು ಅಂತ ಹೆಂಗೆ ಗೊತ್ತಾಗುತ್ತೆ

ದಿನದ ಬ್ಯಾಕಪ್ ಬೇಗ ಮುಗಿಯೋದರ ಗುಟ್ಟು ಇಲ್ಲಿದೆ. ಮೊದಲ ಸಲ ಎಲ್ಲಾ ಹೋಗುತ್ತೆ, ಅದು ಫುಲ್. ಆಮೇಲೆ ಹಿಂದಿನ ಸಲದಿಂದ ಈಚೆಗೆ ಬದಲಾಗಿದ್ದು ಮಾತ್ರ, ಅದು ಇನ್‌ಕ್ರಿಮೆಂಟಲ್. ಫುಲ್ ಆದ್ಮೇಲೆ ಬದಲಾಗಿದ್ದೆಲ್ಲಾ ತಗೊಂಡ್ರೆ ಡಿಫರೆನ್ಷಿಯಲ್. ಸರಳವಾದ ವಿಧಾನ ಅಂದ್ರೆ ಫೈಲ್ ತಾರೀಖು ನೋಡೋದು. ಇದರಲ್ಲಿ ಒಂದು ತೊಂದರೆ ಇದೆ, ಹಳೇ ತಾರೀಖಿನ ಫೈಲನ್ನ ಪೆನ್‌ಡ್ರೈವಿಂದ ಈಗ ತಂದು ಹಾಕಿದ್ರೆ ತಾರೀಖು ಹಳೇದೇ ಇರೋದ್ರಿಂದ ಅದು ತಪ್ಪಿ ಹೋಗೋ ಸಾಧ್ಯತೆ ಇದೆ, ಹಂಗೇ ನೀವು ಡಿಲೀಟ್ ಮಾಡಿದ ಫೈಲು ಡಿಲೀಟ್ ಆಗಿದೆ ಅಂತಾನೂ ಸರ್ವರ್‌ಗೆ ಗೊತ್ತಾಗಲ್ಲ. ಬಾಕ್ಯುಲಾದಲ್ಲಿ ಇದಕ್ಕೇ ಅಂತ ಆಕ್ಯುರೇಟ್ ಅನ್ನೋ ಮೋಡ್ ಇದೆ, ಸರ್ವರ್ ತನ್ನ ಹತ್ರ ಇರೋ ಫೈಲ್ ಪಟ್ಟೀನ ಕ್ಲೈಂಟ್‌ಗೆ ಕಳಿಸುತ್ತೆ, ಕ್ಲೈಂಟ್ ತಾಳೆ ನೋಡುತ್ತೆ.

ಇನ್ನೊಂದು ಸಮಸ್ಯೆ, ಒಂದು ದೊಡ್ಡ ಫೈಲಲ್ಲಿ ನಾಲ್ಕು ಎಂಟ್ರಿ ಸೇರಿದ್ರೂ ಇಡೀ ಫೈಲೇ ಹೋಗ್ಬೇಕಾ? ಇದಕ್ಕೆ 1996ರಲ್ಲೇ ಆಂಡ್ರ್ಯೂ ಟ್ರಿಜೆಲ್, ಪಾಲ್ ಮೆಕೆರಸ್ ಆರ್‌ಸಿಂಕ್ ಅಂತ ಮಾಡಿ ಚೆಂದದ ದಾರಿ ತೋರ್ಸಿದ್ರು. ಹಳೇ ಕಾಪಿ ಇರೋ ಕಡೆಯವರು ಅದನ್ನ ತುಂಡು ತುಂಡು ಮಾಡಿ ಪ್ರತಿ ತುಂಡಿನ ಚೆಕ್‌ಸಮ್ ಮಾತ್ರ ಕಳಿಸ್ತಾರೆ, ಹೊಸ ಕಾಪಿ ಇರೋರು ತಮ್ಮ ಫೈಲಲ್ಲಿ ಅದೇ ತುಂಡುಗಳು ಎಲ್ಲೆಲ್ಲಿವೆ ಅಂತ ಹುಡುಕಿ, ಇಲ್ಲದಿರೋದನ್ನ ಮಾತ್ರ ಕಳಿಸ್ತಾರೆ. ಬೋರ್ಗ್, ರೆಸ್ಟಿಕ್ ಥರದ ಈಚಿನ ಸಾಫ್ಟ್‌ವೇರ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಲ್ಲಾ ಫೈಲನ್ನೂ ಸರಾಸರಿ ಒಂದೆರಡು ಎಂಬಿ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಅದರ ಒಳಗಿನ ಡೇಟಾದಿಂದಲೇ ಒಂದು ಗುರುತು ತೆಗೆದು, ಆ ಗುರುತಿನ ತುಂಡು ಸ್ಟೋರೇಜಲ್ಲಿ ಆಗ್ಲೇ ಇದ್ರೆ ಮತ್ತೆ ಕಳಿಸೋದೇ ಇಲ್ಲ. ಒಂದೊಂದು ತುಂಡಿಗೂ ಸರ್ವರನ್ನ ಕೇಳ್ತಾ ಕೂತ್ರೆ ಆಗಲ್ಲ ಅಂತ ಕ್ಲೈಂಟ್ ಆ ಪಟ್ಟಿಯ ಒಂದು ಕಾಪೀನ ತನ್ನ ಹತ್ರಾನೇ ಇಟ್ಕೊಂಡಿರುತ್ತೆ.

ಲೆಕ್ಕ ಹಾಕಿ ನೋಡಿ. ಆಫೀಸಲ್ಲಿ 500 ಜಿಬಿ ಇದೆ, ದಿನಕ್ಕೆ 2 ಜಿಬಿ ಬದಲಾಗುತ್ತೆ ಅಂದ್ಕೊಳ್ಳಿ. ಹಳೇ 100 ಎಂಬಿಪಿಎಸ್ ಸ್ವಿಚ್ ಇದ್ರೆ ಸೆಕೆಂಡಿಗೆ ಹೆಚ್ಚಂದ್ರೆ 12.5 ಎಂಬಿ (ಎಂಬಿಪಿಎಸ್ ಅನ್ನೋದು ಬಿಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟು). 2 ಜಿಬಿ ಮೂರು ನಿಮಿಷದೊಳಗೆ ಹೋಗುತ್ತೆ, ಉಳಿದ ಟೈಮೆಲ್ಲಾ ಯಾವುದು ಬದಲಾಗಿದೆ ಅಂತ ಹುಡುಕೋದಕ್ಕೆ. ಹತ್ತು ನಿಮಿಷದಲ್ಲಿ ನಡೆಯೋದರಲ್ಲಿ ಮಾತೇ ಜಾಸ್ತಿ, ಮಾಲು ಕಮ್ಮಿ.

ಕನೆಕ್ಷನ್ ಶುರು ಮಾಡೋದು ಯಾರು

ಬಾಕ್ಯುಲಾದಲ್ಲಿ ಸರ್ವರ್ ಕಡೆಯವರು ಬಂದು ಕ್ಲೈಂಟನ್ನ ಕರೀತಾರೆ. ಬೋರ್ಗ್, ರೆಸ್ಟಿಕ್‌ನಲ್ಲಿ ಉಲ್ಟಾ, ಕ್ಲೈಂಟೇ ಹೋಗಿ ಸ್ಟೋರೇಜಿಗೆ ತಳ್ಳುತ್ತೆ. ಇದೇನು ಮಹಾ ವ್ಯತ್ಯಾಸ ಅನ್ಸಬಹುದು, ಆದ್ರೆ ಫೈರ್‌ವಾಲ್‌ಗೆ ಇದೇ ಮುಖ್ಯ. ವಿಂಡೋಸ್ ಫೈರ್‌ವಾಲ್ ಒಳಗಿಂದ ಹೊರಗೆ ಹೋಗೋ ಕನೆಕ್ಷನ್ನನ್ನ ಸಾಮಾನ್ಯವಾಗಿ ಬಿಡುತ್ತೆ, ಹೊರಗಿಂದ ಬರೋದನ್ನ ತಡೆಯುತ್ತೆ. ಕ್ಲೈಂಟ್ ಹಾಕಿ 9102 ಪೋರ್ಟ್ ಓಪನ್ ಮಾಡೋದು ಮರೆತ್ರೆ ಬ್ಯಾಕಪ್ ಮೊದಲನೇ ದಿನವೇ ನಿಲ್ಲುತ್ತೆ. ಬಂಗಾರಪೇಟೆಯ ಬ್ರಾಂಚಲ್ಲಿರೋ ಕಂಪ್ಯೂಟರನ್ನ ಕೋಲಾರದ ಸರ್ವರ್ ಇಂಟರ್ನೆಟ್ ಮೂಲಕ ಕರೀಬೇಕು ಅಂದ್ರೆ ಇನ್ನೂ ಕಷ್ಟ, ಎಷ್ಟೋ ಬ್ರಾಡ್‌ಬ್ಯಾಂಡ್, ಮೊಬೈಲ್ ಕನೆಕ್ಷನ್‌ಗಳಲ್ಲಿ ಒಂದೇ ಪಬ್ಲಿಕ್ ಐಪಿ ಅಡ್ರೆಸ್ಸನ್ನ ತುಂಬಾ ಗಿರಾಕಿಗಳಿಗೆ ಹಂಚಿರ್ತಾರೆ, ಹೊರಗಿಂದ ಬರೋ ಕನೆಕ್ಷನ್‌ಗೆ ಯಾರ ಮನೆ ಯಾವುದು ಅಂತಾನೇ ಗೊತ್ತಾಗಲ್ಲ. ಅಂಥ ಕಡೆ ವಿಪಿಎನ್, ಅಂದ್ರೆ ಇಂಟರ್ನೆಟ್ ಮೇಲೇ ಎರಡು ಆಫೀಸನ್ನ ಒಂದೇ ನೆಟ್‌ವರ್ಕ್ ಥರ ಜೋಡಿಸೋ ಖಾಸಗಿ ದಾರಿ, ಹಾಕ್ತಾರೆ, ಇಲ್ಲಾಂದ್ರೆ ಕ್ಲೈಂಟೇ ಕನೆಕ್ಷನ್ ಶುರು ಮಾಡೋ ಸಾಫ್ಟ್‌ವೇರ್ ಆರಿಸ್ಕೋತಾರೆ.

ಕ್ಲೈಂಟ್ ತಳ್ಳೋ ವಿಧಾನಕ್ಕೆ ಅದರದ್ದೇ ಒಂದು ಅಪಾಯ ಇದೆ. ಕ್ಲೈಂಟಲ್ಲಿ ಸ್ಟೋರೇಜ್ ತೆಗೆಯೋ ಕೀ ಇರುತ್ತೆ, ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಆ ಕಂಪ್ಯೂಟರ್ ಹಿಡ್ಕೊಂಡ್ರೆ ಅದೇ ಕೀ ಬಳಸಿ ಬ್ಯಾಕಪ್ಪನ್ನೂ ಅಳಿಸಬಹುದು. ಅದಕ್ಕೇ ಬೋರ್ಗಲ್ಲೂ ರೆಸ್ಟಿಕ್‌ನ ಸರ್ವರಲ್ಲೂ ಅಪೆಂಡ್-ಓನ್ಲಿ ಅಂತ ಆಯ್ಕೆ ಇದೆ, ಕ್ಲೈಂಟ್ ಹೊಸದು ಸೇರಿಸಬಹುದು, ಹಳೇದನ್ನ ತೆಗೆದುಹಾಕೋ ಹಾಗಿಲ್ಲ. ಇನ್ನು ಸರ್ವರ್‌ನ ಡಿಸ್ಕನ್ನ ಸುಮ್ನೆ ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿ ಅಲ್ಲಿಗೆ ಕಾಪಿ ಹೊಡೆಯೋರಿಗೆ ಈ ರಕ್ಷಣೆ ಯಾವುದೂ ಇಲ್ಲ, ಅದನ್ನ ಬ್ಯಾಕಪ್ ಅನ್ನೋಕೆ ನನಗಂತೂ ಮನಸ್ಸಿಲ್ಲ.

ಡೇಟಾ ಎಲ್ಲಾ ಹೋದ್ಮೇಲೂ ಫೇಲ್ ಅಂತ ಬರೋದು

ಆಗಲೇ ಹೇಳಿದ ವಿಚಿತ್ರ ಇದು. ದೊಡ್ಡ ಫುಲ್ ಬ್ಯಾಕಪ್, ಮೂರ್ನಾಲ್ಕು ಗಂಟೆ ನಡೆಯುತ್ತೆ, ಕೊನೆ ಫೈಲ್‌ವರೆಗೂ ಎಲ್ಲಾ ಹೋಗಿದೆ, ರಿಪೋರ್ಟಲ್ಲಿ ನೋಡಿದ್ರೆ "ಕನೆಕ್ಷನ್ ರಿಸೆಟ್ ಬೈ ಪಿಯರ್", ಅಂದ್ರೆ ಆ ಕಡೆಯಿಂದ ಕನೆಕ್ಷನ್ ಕಟ್ ಆಗಿದೆ ಅಂತ, ಜಾಬ್ ಫೇಲ್. ಚಿಕ್ಕ ಇನ್‌ಕ್ರಿಮೆಂಟಲ್‌ಗಳು ಮಾತ್ರ ದಿನಾ ಸರಿಯಾಗಿ ಮುಗೀತವೆ. ಜನ ಕೇಬಲ್ ಬದಲಾಯಿಸ್ತಾರೆ, ಸ್ವಿಚ್ ಬದಲಾಯಿಸ್ತಾರೆ, ಕರೆಂಟ್ ಹೋಗಿತ್ತೇನೋ ಅಂತ ಯುಪಿಎಸ್ ನೋಡ್ತಾರೆ.

ಮೂರು ಕನೆಕ್ಷನ್ ಅಂದಿದ್ನಲ್ಲ. ಡೇಟಾ ಓಡ್ತಿರೋದು ಕ್ಲೈಂಟ್ ಮತ್ತೆ ಸ್ಟೋರೇಜ್ ಮಧ್ಯೆ. ಅಷ್ಟು ಹೊತ್ತೂ ಡೈರೆಕ್ಟರ್ ಮತ್ತೆ ಕ್ಲೈಂಟ್ ಮಧ್ಯದ ಕನೆಕ್ಷನ್ ತೆರೆದಿರುತ್ತೆ, ಆದ್ರೆ ಅದರಲ್ಲಿ ಒಂದಕ್ಷರಾನೂ ಓಡಾಡ್ತಿರಲ್ಲ, "ಮುಗೀತು" ಅನ್ನೋ ಮಾತಿಗೆ ಕಾಯ್ತಿರುತ್ತೆ. ಮಧ್ಯೆ ಇರೋ ರೂಟರ್ರೋ ಫೈರ್‌ವಾಲ್ಲೋ ಇಷ್ಟು ಹೊತ್ತಿಂದ ಯಾರೂ ಮಾತಾಡ್ತಿಲ್ಲ ಅಂತ ಆ ಕನೆಕ್ಷನ್ನನ್ನ ತನ್ನ ಪಟ್ಟಿಯಿಂದ ತೆಗೆದುಬಿಡುತ್ತೆ, ಯಾರಿಗೂ ಹೇಳೋದೂ ಇಲ್ಲ. ಎರಡೂ ಕಡೆಯವರಿಗೆ ಇನ್ನೂ ಕನೆಕ್ಷನ್ ಇದೆ ಅಂತಾನೇ ನಂಬಿಕೆ. ಕೊನೆಗೆ ಕ್ಲೈಂಟ್ "ಮುಗೀತು" ಅಂತ ಹೇಳೋಕೆ ಹೋದಾಗ ದಾರಿನೇ ಇಲ್ಲ. ಲಿನಕ್ಸಲ್ಲಿ ಸುಮ್ನಿರೋ ಕನೆಕ್ಷನ್ ಜೀವಂತ ಇದ್ಯಾ ಅಂತ ವಿಚಾರಿಸೋ ಕೀಪ್‌ಅಲೈವ್ ವ್ಯವಸ್ಥೆ ಇದೆ, ಆದ್ರೆ ಅದರ ಡೀಫಾಲ್ಟ್ 7200 ಸೆಕೆಂಡ್, ಅಂದ್ರೆ ಎರಡು ಗಂಟೆ, ಎಷ್ಟೋ ರೂಟರ್‌ಗಳು ಅದಕ್ಕಿಂತ ಮೊದಲೇ ಕೈಬಿಟ್ಟಿರ್ತವೆ. ಬಾಕ್ಯುಲಾದಲ್ಲಿ ಹಾರ್ಟ್‌ಬೀಟ್ ಇಂಟರ್ವಲ್ ಅಂತ ಸೆಟ್ಟಿಂಗ್ ಇರೋದು ಇದಕ್ಕೇ, 60 ಅಂತ ಹಾಕಿದ್ರೆ ನಿಮಿಷಕ್ಕೊಂದು ಸಲ "ಇದೀನಿ" ಅಂತ ಒಂದು ಚೂರು ಕಳಿಸ್ತಿರುತ್ತೆ, ರೂಟರ್ ಸುಮ್ನಿರುತ್ತೆ.

ನಿಜವಾಗ್ಲೂ ಕರೆಂಟ್ ಹೋಗಿ ಮಧ್ಯದಲ್ಲೇ ನಿಂತ್ರೆ ಏನಾಗುತ್ತೆ ಅನ್ನೋದು ಸಾಫ್ಟ್‌ವೇರ್ ಮೇಲೆ ಹೋಗುತ್ತೆ. ಬೋರ್ಗ್ ಡೀಫಾಲ್ಟಾಗಿ ಅರ್ಧ ಗಂಟೆಗೊಂದು ಸಲ ಚೆಕ್‌ಪಾಯಿಂಟ್ ಮಾಡುತ್ತೆ, ಅಂದ್ರೆ ಅಲ್ಲಿವರೆಗೆ ಆಗಿದ್ದನ್ನ ಗುರುತು ಹಾಕಿ ಉಳಿಸುತ್ತೆ, ಮತ್ತೆ ಶುರು ಮಾಡಿದಾಗ ಆಗಲೇ ಹೋಗಿರೋ ತುಂಡುಗಳನ್ನ ಮತ್ತೆ ಕಳಿಸಲ್ಲ.

ವಾಪಸ್ ತರೋವಾಗ

ರಿಸ್ಟೋರಲ್ಲಿ ಕನೆಕ್ಷನ್ ಶುರು ಮಾಡೋರು ಬದಲಾಗಲ್ಲ, ಡೇಟಾ ಹರಿಯೋ ದಿಕ್ಕು ಮಾತ್ರ ತಿರುಗುತ್ತೆ. ಮೊದಲು ಕ್ಯಾಟಲಾಗಲ್ಲಿ ಹುಡುಕಾಟ. ಬಾಕ್ಯುಲಾ ಕನ್ಸೋಲಲ್ಲಿ "ರಿಸ್ಟೋರ್" ಅಂದ್ರೆ ಒಂದು ಮೆನು ಬರುತ್ತೆ, ಅದರಲ್ಲಿ ಕ್ಲೈಂಟ್‌ನ ತೀರಾ ಈಚಿನ ಬ್ಯಾಕಪ್ ಆರಿಸ್ಕೊಳ್ಳೋ ಆಯ್ಕೆ ಇದೆ, ಅದನ್ನ ಒತ್ತಿದ್ರೆ ಕೊನೆ ಫುಲ್ಲು, ಅದರ ಮೇಲಿನ ಡಿಫರೆನ್ಷಿಯಲ್ಲು, ಅದರ ಮೇಲಿನ ಇನ್‌ಕ್ರಿಮೆಂಟಲ್‌ಗಳು ಎಲ್ಲಾ ಜೋಡಿಸಿ ಫೋಲ್ಡರ್ ಮರ ತೋರ್ಸುತ್ತೆ, ಬೇಕಾದ್ದನ್ನ "ಮಾರ್ಕ್" ಮಾಡಿ "ಡನ್" ಅಂದ್ರೆ ಯಾವ ವಾಲ್ಯೂಮಲ್ಲಿ (ಬ್ಯಾಕಪ್ ಡೇಟಾ ತುಂಬಿಟ್ಟಿರೋ ಫೈಲೋ ಟೇಪೋ) ಎಲ್ಲಿಂದ ಎಲ್ಲಿವರೆಗೆ ಓದ್ಬೇಕು ಅನ್ನೋ ಒಂದು ಪಟ್ಟಿ ತಯಾರಾಗುತ್ತೆ. ಆ ಪಟ್ಟಿ ಸ್ಟೋರೇಜ್ ಡೀಮನ್‌ಗೆ ಹೋಗುತ್ತೆ, ಕ್ಲೈಂಟ್ ಬಂದು ಕನೆಕ್ಟ್ ಆಗುತ್ತೆ, ಡೇಟಾ ಈ ಕಡೆ ಬರೋಕೆ ಶುರು.

ಈಗ ಬದಲಾಗಿದ್ದು ಮಾತ್ರ ಅನ್ನೋ ರಿಯಾಯಿತಿ ಇಲ್ಲ. ಡಿಸ್ಕ್ ಖಾಲಿ, 500 ಜಿಬಿ ಪೂರ್ತಿ ಬರಬೇಕು. ಅದೇ 100 ಎಂಬಿಪಿಎಸ್ ಸ್ವಿಚ್ಚಲ್ಲಿ 40,000 ಸೆಕೆಂಡ್, ಅಂದ್ರೆ ಹನ್ನೊಂದು ಗಂಟೆ ಮೇಲೆ. ಗಿಗಾಬಿಟ್ ಸ್ವಿಚ್ ಆದ್ರೆ ಲೆಕ್ಕದಲ್ಲಿ ಒಂದು ಗಂಟೆ ಏಳು ನಿಮಿಷ, ಆದ್ರೆ ಆಗ ಡಿಸ್ಕಿನ ವೇಗ ಅಡ್ಡ ಬರುತ್ತೆ. ಕ್ಲೌಡಿಂದ 50 ಎಂಬಿಪಿಎಸ್ ಲೈನಲ್ಲಿ ಇಳಿಸೋದಾದ್ರೆ 22 ಗಂಟೆ. ಸ್ಕ್ಯಾನ್ ಮಾಡಿದ ಬಿಲ್ಲುಗಳು ಲಕ್ಷಗಟ್ಟಲೆ ಇದ್ರೆ ಇನ್ನೂ ನಿಧಾನ, ಪ್ರತಿ ಫೈಲಿಗೂ ಹೊಸದಾಗಿ ಜಾಗ ಮಾಡಿ, ಬರೆದು, ತಾರೀಖು ಪರ್ಮಿಷನ್ನು ಹಾಕಿ ಮುಚ್ಚಬೇಕಲ್ಲ.

ಪೂರ್ತಿ ಹೊಸ ಕಂಪ್ಯೂಟರ್‌ಗೆ ತರೋದಾದ್ರೆ ಅದರಲ್ಲಿ ಮೊದಲು ಕ್ಲೈಂಟ್ ಹಾಕ್ಬೇಕು, ಸರ್ವರ್‌ಗೆ ಗೊತ್ತಿರೋ ಹೆಸರು ಪಾಸ್‌ವರ್ಡು ಕೊಡ್ಬೇಕು, ಪೋರ್ಟ್ ತೆಗೀಬೇಕು. ರಿಸ್ಟೋರ್ ದಿನ "ಕನೆಕ್ಷನ್ ಫೇಲ್ಡ್" ಅಂತ ಬರೋದು ಬಹಳ ಸಲ ಇಲ್ಲೇ, ಹಳೇ ಮಷಿನಲ್ಲಿ ಯಾವಾಗಲೋ ತೆರೆದಿದ್ದ ಪೋರ್ಟು ಹೊಸದರಲ್ಲಿ ಮುಚ್ಚಿರುತ್ತೆ.

ಕೀ ಮತ್ತೆ ಕ್ಯಾಟಲಾಗ್ ಕಳೆದುಹೋದ್ರೆ

ವೈರ್ ಮೇಲೆ ಹೋಗುವಾಗ ಮಾತ್ರ ಗೂಢಲಿಪಿ ಮಾಡೋದು ಬೇರೆ, ಕ್ಲೈಂಟಲ್ಲೇ ಎನ್‌ಕ್ರಿಪ್ಟ್ ಮಾಡಿ ಕಳಿಸೋದು ಬೇರೆ. ಮೊದಲನೇದು ಟಿಎಲ್‌ಎಸ್, ಬ್ಯಾಂಕ್ ವೆಬ್‌ಸೈಟಲ್ಲೂ ಅದೇ, ಸರ್ವರ್ ತಲುಪಿದ್ಮೇಲೆ ಡೇಟಾ ಬಿಚ್ಕೊಳ್ಳುತ್ತೆ. ಎರಡನೇದರಲ್ಲಿ ಸರ್ವರ್ ನೋಡ್ಕೊಳ್ಳೋರಿಗೂ ಒಳಗೇನಿದೆ ಅಂತ ಕಾಣಲ್ಲ, ಕೀ ನಿಮ್ಮ ಹತ್ರ ಮಾತ್ರ. ರೆಸ್ಟಿಕ್‌ನವರು ನೇರವಾಗೇ ಹೇಳಿದಾರೆ, ಪಾಸ್‌ವರ್ಡ್ ಕಳ್ಕೊಂಡ್ರೆ ಡೇಟಾ ಮತ್ತೆ ಸಿಗಲ್ಲ ಅಂತ. ಆ ಪಾಸ್‌ವರ್ಡನ್ನ ಬ್ಯಾಕಪ್ ಆಗೋ ಅದೇ ಕಂಪ್ಯೂಟರಿನ ಡೆಸ್ಕ್‌ಟಾಪಲ್ಲಿ ನೋಟ್‌ಪ್ಯಾಡ್ ಫೈಲ್ ಮಾಡಿ ಇಟ್ಟಿರೋರು ಇದಾರೆ, ಡಿಸ್ಕ್ ಹೋದ ದಿನ ಎರಡೂ ಒಟ್ಟಿಗೇ ಹೋಗುತ್ತೆ.

ಕ್ಯಾಟಲಾಗ್ ಹೋದ್ರೆ ಅಷ್ಟು ಕೆಟ್ಟದಲ್ಲ, ಡೇಟಾ ಇರುತ್ತೆ, ಎಲ್ಲಿದೆ ಅಂತ ಗೊತ್ತಿರಲ್ಲ ಅಷ್ಟೇ. ಬಾಕ್ಯುಲಾದಲ್ಲಿ ಬಿಸ್ಕ್ಯಾನ್ ಅನ್ನೋ ಟೂಲ್ ವಾಲ್ಯೂಮ್‌ಗಳನ್ನ ಮೊದಲಿಂದ ಓದಿ ಕ್ಯಾಟಲಾಗ್ ಮತ್ತೆ ಕಟ್ಟಿ ಕೊಡುತ್ತೆ, ತುಂಬಾ ನಿಧಾನ. ಅದಕ್ಕೇ ಅದರ ಮೂಲ ಸೆಟ್ಟಿಂಗ್‌ಗಳಲ್ಲೇ ಕ್ಯಾಟಲಾಗನ್ನೂ ಬ್ಯಾಕಪ್ ತಗೊಳ್ಳೋ ಒಂದು ಜಾಬ್ ಇಟ್ಟಿದಾರೆ, ಅದನ್ನ ಆಫ್ ಮಾಡ್ಬೇಡಿ.

ರಿಪೋರ್ಟಲ್ಲಿ ಏನು ನೋಡ್ಬೇಕು

ಮಾರ್ಚ್ 31ನ್ನ 2011ರಿಂದ ವರ್ಲ್ಡ್ ಬ್ಯಾಕಪ್ ಡೇ ಅಂತ ಮಾಡಿದಾರೆ, ನಮ್ಮ ಅಕೌಂಟೆಂಟ್‌ಗಳಿಗೆ ಅವತ್ತು ತಲೆ ಎತ್ತೋಕೂ ಪುರುಸೊತ್ತಿರಲ್ಲ ಅನ್ನೋದು ಬೇರೆ ಮಾತು. ಏಪ್ರಿಲ್‌ನಲ್ಲಿ ಯಾವತ್ತಾದ್ರೂ ಒಂದು ಫೋಲ್ಡರ್ ಮಾತ್ರ ರಿಸ್ಟೋರ್ ಮಾಡಿ ನೋಡಬಹುದು, ಮೂಲ ಜಾಗಕ್ಕೆ ಅಲ್ಲ, ಬೇರೆ ಫೋಲ್ಡರ್‌ಗೆ. ಬಾಕ್ಯುಲಾದಲ್ಲಿ "ವೇರ್" ಅನ್ನೋ ಸೆಟ್ಟಿಂಗ್ ಇದೆ ಅದಕ್ಕೆ, ಅಲ್ಲಿ ಬೇರೆ ದಾರಿ ಕೊಟ್ರೆ ಈಗಿನ ಫೈಲುಗಳ ಮೇಲೆ ಬರೆಯಲ್ಲ.

ಬ್ಯಾಕಪ್ ರಿಪೋರ್ಟಲ್ಲಿ ಕ್ಲೈಂಟ್ ಕಳಿಸಿದ ಫೈಲ್ ಎಷ್ಟು, ಸ್ಟೋರೇಜ್ ಬರೆದಿದ್ದು ಎಷ್ಟು ಅಂತ ಎರಡು ಬೇರೆ ಬೇರೆ ಲೈನ್ ಇರ್ತವೆ, ಕೆಳಗೆ "ಬ್ಯಾಕಪ್ ಓಕೆ" ಅಂತಾನೋ "ಬ್ಯಾಕಪ್ ಓಕೆ, ವಿತ್ ವಾರ್ನಿಂಗ್ಸ್" ಅಂತಾನೋ ಬರುತ್ತೆ, ವಾರ್ನಿಂಗ್ ಇದ್ರೆ ಸಾಮಾನ್ಯವಾಗಿ ಯಾವುದೋ ಫೈಲ್ ಓದೋಕೆ ಆಗಿರಲ್ಲ. ರಿಸ್ಟೋರ್ ರಿಪೋರ್ಟಲ್ಲಿ "ಫೈಲ್ಸ್ ಎಕ್ಸ್‌ಪೆಕ್ಟೆಡ್", "ಫೈಲ್ಸ್ ರಿಸ್ಟೋರ್ಡ್" ಅಂತ ಇನ್ನೆರಡು ನಂಬರ್. ಇವೆರಡು ಹೊಂದದಿದ್ರೂ ಬಾಕ್ಯುಲಾ "ರಿಸ್ಟೋರ್ ಓಕೆ" ಅಂತಾನೇ ಬರೆಯುತ್ತೆ, ಪಕ್ಕದಲ್ಲಿ ಮಾತ್ರ ಫೈಲ್ ಲೆಕ್ಕ ತಾಳೆ ಆಗ್ತಿಲ್ಲ ಅನ್ನೋ ಒಂದು ವಾರ್ನಿಂಗ್ ಸೇರಿಸಿರುತ್ತೆ. ಯಾವ ಫೈಲ್ ಬರಲಿಲ್ಲ ಅನ್ನೋದಕ್ಕೆ ಅದೇ ಲಾಗಲ್ಲಿ ಮೇಲೆ ಹೋಗಿ "ಎರರ್" ಅಂತ ಹುಡುಕಿ, ಅಲ್ಲಿಂದ ಶುರು ಮಾಡಿ.